ಅಲೆಗೇನಿ ಕೌಂಟಿ: ಉಕ್ಕಿನ ಊರುಗಳೂ ಅವುಗಳ ಗಡಿಗಳೂ

ಕೈಗಾರಿಕಾ ಕ್ರಾಂತಿಯ ಚರಿತ್ರೆಯನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವಾಗ ನಾವು ಸಾಮಾನ್ಯವಾಗಿ ಇಂಗ್ಲೆಂಡಿನಲ್ಲಿಯೇ ನಿಂತುಬಿಡುತ್ತೇವೆ. ಅಮೆರಿಕದ ಮಾತು ಬಂದಾಗ ಆಂಡ್ರೂ ಕಾರ್ನೆಗಿಯ ಹೆಸರನ್ನು ಹೇಳಿ, ಉಕ್ಕಿನ ಉತ್ಪಾದನೆಯ ಅಂಕಿಗಳನ್ನು ಬರೆಸಿ ಮುಂದಕ್ಕೆ ಸಾಗುತ್ತೇವೆ. ಆ ಉಕ್ಕನ್ನು ಕಾಸಿದ ಜನ ಎಲ್ಲಿ ವಾಸವಾಗಿದ್ದರು, ಅವರ ಊರು ಯಾರ ಕೈಯಲ್ಲಿತ್ತು, ಕಾರ್ಖಾನೆಯ ಮೇಲಿನ ತೆರಿಗೆ ಯಾವ ಊರಿನ ಬೊಕ್ಕಸಕ್ಕೆ ಸೇರುತ್ತಿತ್ತು ಎಂಬ ಪ್ರಶ್ನೆಗಳು ತರಗತಿಯಲ್ಲಿ ಏಳುವುದು ವಿರಳ. ಪೆನ್ಸಿಲ್ವೇನಿಯ ರಾಜ್ಯದ ಪಶ್ಚಿಮ ಭಾಗದ ಅಲೆಗೇನಿ ಕೌಂಟಿಯನ್ನು ನಾವು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಈ ಪ್ರಶ್ನೆಗಳ ಸಲುವಾಗಿಯೇ. ಕೌಂಟಿಯೆಂಬುದು ಸ್ಥೂಲವಾಗಿ ನಮ್ಮ ಜಿಲ್ಲೆಯಂತಹ ವಿಭಾಗ. ಆದರೆ ಅದರೊಳಗಿನ ಸಣ್ಣಪುಟ್ಟ ಊರುಗಳೂ ತಮ್ಮದೇ ಆದ ಪುರಸಭೆಯನ್ನೂ ತೆರಿಗೆಯನ್ನೂ ಉಳ್ಳವು. ಪಿಟ್ಸ್‌ಬರ್ಗ್ ನಗರವನ್ನೂ ಸೇರಿಸಿ ಈ ಒಂದು ಕೌಂಟಿಯಲ್ಲಿ ಅಂತಹ ಸ್ಥಳೀಯ ಸಂಸ್ಥೆಗಳು 130 ಇವೆ. ಇಲ್ಲಿನ ಕಾರ್ಮಿಕರ ಕಥೆ ಬಹುಮಟ್ಟಿಗೆ ಈ ಗಡಿಗೆರೆಗಳ ಕಥೆಯೇ ಎಂಬುದು ನಮ್ಮ ಅಭಿಪ್ರಾಯ.

ಅಲೆಗೇನಿ, ಮನಾಂಗಹೀಲ ಎಂಬ ಎರಡು ನದಿಗಳು ಕೂಡಿ ಒಹೈಯೋ ನದಿಯಾಗುವ ಸಂಗಮದಲ್ಲಿ ಫ್ರೆಂಚರು 1754ರಲ್ಲಿ ಡುಕೇನ್ ಕೋಟೆಯನ್ನು ಕಟ್ಟಿದರು. ಮರುವರ್ಷ ಅದನ್ನು ಹಿಡಿಯಲು ಹೊರಟ ಬ್ರಿಟಿಷ್ ಸೇನಾಪತಿ ಬ್ರ್ಯಾಡಕ್ ಮನಾಂಗಹೀಲದ ದಡದಲ್ಲಿ ಸೋತು, ಅಲ್ಲಿ ತಗುಲಿದ ಗಾಯದಿಂದ ಮಡಿದನು. 1758ರಲ್ಲಿ ಆ ಸ್ಥಳ ಬ್ರಿಟಿಷರ ವಶವಾಗಿ ಅವರ ಮಂತ್ರಿ ವಿಲಿಯಂ ಪಿಟ್‌ನ ಹೆಸರನ್ನು ಪಡೆಯಿತು. ಕೌಂಟಿ ರಚಿತವಾದುದು 1788ರಲ್ಲಿ. ನೆಲದಡಿಯಲ್ಲಿ ಕಲ್ಲಿದ್ದಲು ಯಥೇಚ್ಛವಾಗಿತ್ತು, ದಕ್ಷಿಣದ ಕನೆಲ್ಸ್‌ವಿಲ್ ಪ್ರದೇಶದಿಂದ ಉತ್ತಮ ಕೋಕ್ ಬರುತ್ತಿತ್ತು, ಸಾಗಣೆಗೆ ನದಿಗಳೂ ರೈಲುಮಾರ್ಗಗಳೂ ಇದ್ದವು. ಬ್ರ್ಯಾಡಕ್ ಸೋತ ನೆಲದ ಬಳಿಯಲ್ಲಿಯೇ ಕಾರ್ನೆಗಿಯ ಎಡ್ಗರ್ ಥಾಮ್ಸನ್ ಕಾರ್ಖಾನೆ 1875ರಲ್ಲಿ ಉಕ್ಕಿನ ಕಂಬಿಗಳನ್ನು ತಯಾರಿಸತೊಡಗಿತು. ಥಾಮ್ಸನ್ ಎಂಬಾತ ಪೆನ್ಸಿಲ್ವೇನಿಯ ರೈಲ್ವೆಯ ಅಧ್ಯಕ್ಷ. ಕಂಬಿಗಳನ್ನು ಕೊಳ್ಳಬೇಕಾದ ಗಿರಾಕಿಯ ಹೆಸರನ್ನೇ ಕಾರ್ಖಾನೆಗೆ ಇಟ್ಟ ಜಾಣತನವನ್ನು ವಾಚಕರು ಗಮನಿಸದೆ ಇರಲಾರರು. ಜಮ್‌ಷೇಟ್‌ಜಿ ಟಾಟಾ 1902ರಲ್ಲಿ ಅಮೆರಿಕಕ್ಕೆ ಹೋದಾಗ ಉಕ್ಕಿನ ವಿಷಯದಲ್ಲಿ ಸಲಹೆ ಕೇಳಿದುದು ಪಿಟ್ಸ್‌ಬರ್ಗಿನ ಯಂತ್ರಶಿಲ್ಪಿ ಜೂಲಿಯನ್ ಕೆನಡಿಯನ್ನು. ಆದುದರಿಂದ ಈ ಕಣಿವೆ ನಮಗೆ ತೀರ ಅಪರಿಚಿತವೇನೂ ಅಲ್ಲ.

ಕಾರ್ನೆಗಿ 1883ರಲ್ಲಿ ಕೊಂಡುಕೊಂಡ ಹೋಮ್‌ಸ್ಟೆಡ್ ಕಾರ್ಖಾನೆಯೇ ಈ ಕಥೆಯ ಕೇಂದ್ರ. 1892ರಲ್ಲಿ ಅಲ್ಲಿ ಸುಮಾರು 3,800 ಮಂದಿ ದುಡಿಯುತ್ತಿದ್ದರು. ಕಾರ್ಮಿಕ ಸಂಘದಲ್ಲಿದ್ದವರು ಅವರಲ್ಲಿ ಕುಶಲ ಕೆಲಸಗಾರರು ಮಾತ್ರ. ಆದರೂ ವ್ಯವಸ್ಥಾಪಕ ಫ್ರಿಕ್ ಕೂಲಿಯನ್ನು ಇಳಿಸಿ ಬಾಗಿಲು ಮುಚ್ಚಿದಾಗ ಉಳಿದವರೂ ಸಂಘದ ಪಕ್ಕಕ್ಕೆ ನಿಂತರು. ಜುಲೈ 6ರ ಮುಂಜಾನೆ ಪಿಂಕರ್ಟನ್ ಸಂಸ್ಥೆಯ ಸುಮಾರು 300 ಸಶಸ್ತ್ರ ಕಾವಲುಗಾರರು ಎರಡು ಸರಕುದೋಣಿಗಳಲ್ಲಿ ಬಂದಿಳಿಯಲೆತ್ನಿಸಿದರು. ದಿನವಿಡೀ ನಡೆದ ಕಾಳಗದಲ್ಲಿ ಉಭಯ ಪಕ್ಷಗಳವರೂ ಸತ್ತರು, ಕಾವಲುಗಾರರು ಶರಣಾದರು. ಬಳಿಕ ರಾಜ್ಯಪಾಲ ಪ್ಯಾಟಿಸನ್ 8,000ಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಿದನು, ಸಂಘ ಮುರಿಯಿತು. ಇಷ್ಟನ್ನು ಎಲ್ಲ ಗ್ರಂಥಗಳೂ ಹೇಳುತ್ತವೆ. ಆದರೆ ಆಗ ಹೋಮ್‌ಸ್ಟೆಡ್ ಪುರಸಭೆಯ ಅಧ್ಯಕ್ಷನಾಗಿದ್ದ ಜಾನ್ ಮೆಕ್ಲಕಿ ಸ್ವತಃ ಉಕ್ಕಿನ ಕೆಲಸಗಾರ, ಸಂಘದ ಸದಸ್ಯ. ಊರಿನ ಅಧಿಕಾರ ಕಾರ್ಮಿಕರ ಕೈಯಲ್ಲಿದ್ದುದರಿಂದಲೇ ಕಂಪನಿ ಹೊರಗಿನ ಬಲವನ್ನು ತರಿಸಬೇಕಾಯಿತು. ಕಂಪನಿ ಈ ಪಾಠವನ್ನು ಮರೆಯಲಿಲ್ಲವೆಂದೇ ನಾವು ಭಾವಿಸುತ್ತೇವೆ.

ಮುಂದಿನ ಸ್ಥಿತಿಯನ್ನು ತಿಳಿಯಲು ರಸೆಲ್ ಸೇಜ್ ಪ್ರತಿಷ್ಠಾನದ ಸಹಾಯದಿಂದ 1907–08ರಲ್ಲಿ ನಡೆದ ಪಿಟ್ಸ್‌ಬರ್ಗ್ ಸಮೀಕ್ಷೆಗಿಂತ ಉತ್ತಮ ಆಕರವಿಲ್ಲ. 1906ರ ಜುಲೈಯಿಂದ ಒಂದು ವರ್ಷದಲ್ಲಿ ಈ ಒಂದೇ ಕೌಂಟಿಯಲ್ಲಿ 526 ಮಂದಿ ಕೆಲಸದ ಅಪಘಾತಗಳಲ್ಲಿ ಸತ್ತರೆಂದು ಕ್ರಿಸ್ಟಲ್ ಈಸ್ಟ್‌ಮನ್ ಲೆಕ್ಕ ಹಾಕಿದರು. ಮಾರ್ಗರೆಟ್ ಬೈಯಿಂಗ್ಟನ್ ಹೋಮ್‌ಸ್ಟೆಡ್ಡಿನ ಮನೆಮನೆಗಳ ಆಯವ್ಯಯವನ್ನು ಪರೀಕ್ಷಿಸಿ 1910ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹನ್ನೆರಡು ಗಂಟೆಗಳ ಪಾಳಿ, ಪಾಳಿ ಬದಲಾಗುವ ದಿನ ಒಂದೇ ಸಮನೆ ಇಪ್ಪತ್ತನಾಲ್ಕು ಗಂಟೆಗಳ ದುಡಿಮೆ, ನದಿಯಂಚಿನ ಇಕ್ಕಟ್ಟಿನ ಓಣಿಗಳಲ್ಲಿ ಸ್ಲೊವಾಕ್ ಮೊದಲಾದ ಪೂರ್ವ ಯುರೋಪಿನ ವಲಸೆಗಾರರು, ಅವರ ಕೋಣೆಗಳಲ್ಲಿ ಬಾಡಿಗೆಯ ಸಹವಾಸಿಗಳು. ಇದೆಲ್ಲ ಮನ ಕಲಕುವ ಚಿತ್ರವೇ ಸರಿ. ಆದರೆ ಚರಿತ್ರಕಾರನಿಗೆ ಅದಕ್ಕಿಂತ ಬೆಲೆಯುಳ್ಳದ್ದು ಆಕೆ ತೋರಿಸಿದ ಇನ್ನೊಂದು ಸಂಗತಿ. ಹೋಮ್‌ಸ್ಟೆಡ್ ಎಂದು ಹೆಸರಾದ ಕಾರ್ಖಾನೆಯ ಬಹುಭಾಗ ಹೋಮ್‌ಸ್ಟೆಡ್ಡಿನಲ್ಲಿ ಇರಲೇ ಇಲ್ಲ! ಅದು ಪಕ್ಕದ ಮನ್‌ಹಾಲ್ ಎಂಬ ಪುರಸಭೆಯ ಎಲ್ಲೆಯೊಳಗಿತ್ತು. ಕಂಪನಿಯ ಅಧಿಕಾರಿಗಳ ಮನೆಗಳೂ ಅಲ್ಲಿಯೇ. ತೆರಿಗೆಯ ದರವೂ ಅಲ್ಲಿ ಕಡಮೆ. ಕಾರ್ಮಿಕರ ದೊಡ್ಡ ಸಂಖ್ಯೆ ವಾಸಿಸುತ್ತಿದ್ದ ಹೋಮ್‌ಸ್ಟೆಡ್ ತನ್ನ ಚರಂಡಿ, ನೀರು, ಶಾಲೆಗಳನ್ನು ಹೆಚ್ಚಿನ ತೆರಿಗೆಯಿಂದ ತಾನೇ ನಡೆಸಬೇಕಾಗಿತ್ತು. ಕಾರ್ನೆಗಿ ದಾನವಾಗಿ ಕಟ್ಟಿಸಿ 1898ರಲ್ಲಿ ತೆರೆದ ಪ್ರಸಿದ್ಧ ‘ಹೋಮ್‌ಸ್ಟೆಡ್ ಗ್ರಂಥಾಲಯ’ ಸಹ ಮನ್‌ಹಾಲಿನ ಗುಡ್ಡದ ಮೇಲಿದೆ. 1892ರಲ್ಲಿ ಸೈನಿಕರು ಬೀಡುಬಿಟ್ಟ ನೆಲವದು. ಹನ್ನೆರಡು ಗಂಟೆ ದುಡಿದವನು ಆ ಗುಡ್ಡ ಹತ್ತಿ ಏನನ್ನು ಓದಬೇಕಾಗಿತ್ತೋ ದಾನಿಯೇ ಬಲ್ಲ.

ಗಡಿಗಳು ಅಚಲವೆಂದು ಇದರಿಂದ ತಿಳಿಯಬಾರದು. ಪಿಟ್ಸ್‌ಬರ್ಗ್ ನಗರ ಎದುರು ದಡದ ಅಲೆಗೇನಿ ನಗರವನ್ನು 1907ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿನ ಬಹುಸಂಖ್ಯಾತರು ಅದನ್ನು ವಿರೋಧಿಸಿದ್ದರೂ ಎರಡು ನಗರಗಳ ಮತಗಳನ್ನು ಒಟ್ಟಿಗೆ ಎಣಿಸಲಾಯಿತು, ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮನಾಂಗಹೀಲದ ಕಾರ್ಖಾನೆಯ ಊರುಗಳನ್ನು ಹೀಗೆ ಯಾರೂ ಕೂಡಿಸಲಿಲ್ಲ.

1919ರ ಮಹಾಮುಷ್ಕರದ ಕಾಲದಲ್ಲಿ ಡುಕೇನ್, ಮೆಕೀಸ್‌ಪೋರ್ಟ್ ಮುಂತಾದೆಡೆಗಳಲ್ಲಿ ನಗರಾಧ್ಯಕ್ಷರೇ ಸಂಘದ ಸಭೆಗಳನ್ನು ನಿಷೇಧಿಸಿದರು. 1892ರಲ್ಲಿ ಕಾರ್ಮಿಕರ ಬಲವಾಗಿದ್ದ ಪುರಸಭೆ ಈಗ ಅವರ ವಿರುದ್ಧದ ಆಯುಧವಾಗಿತ್ತು. ಈ ಸ್ಥಿತಿ ತಿರುಗಿದುದು 1937ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಯು. ಎಸ್. ಸ್ಟೀಲ್ ಕಂಪನಿ ಸಂಘದೊಡನೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಡುಕೇನಿನ ನಗರಾಧ್ಯಕ್ಷನಾಗಿ ಎಲ್ಮರ್ ಮಲಾಯ್ ಎಂಬ ಉಕ್ಕಿನ ಕಾರ್ಮಿಕ ಚುನಾಯಿತನಾದನು. ನಲವತ್ತೈದು ವರ್ಷಗಳ ಬಳಿಕ ಪುರಸಭೆಗಳು ಮತ್ತೆ ದುಡಿಯುವವರ ಕೈಗೆ ಬರತೊಡಗಿದವು. ಆದರೂ 1941ರಲ್ಲಿ ಯುದ್ಧದ ಅಗತ್ಯಕ್ಕಾಗಿ ಕಾರ್ಖಾನೆಯನ್ನು ವಿಸ್ತರಿಸಿದಾಗ ಹೋಮ್‌ಸ್ಟೆಡ್ಡಿನ ನದಿಯಂಚಿನ ಓಣಿಗಳು ನೆಲಸಮವಾಗಿ ಸುಮಾರು 8,000 ಜನ ಮನೆ ಬಿಡಬೇಕಾಯಿತು. ಬೈಯಿಂಗ್ಟನ್ ಕಂಡ ಬೀದಿಗಳು, ದಕ್ಷಿಣದಿಂದ ಬಂದ ಕಪ್ಪು ಜನರ ಮನೆಗಳು, ಪೂಜಾಮಂದಿರಗಳು, ಎಲ್ಲವೂ ಅದರೊಡನೆ ಹೋದವು.

ಪುರಸಭೆ ಕೈಗೆ ಬಂದಿತು, ಕಾರ್ಖಾನೆ ಉಳಿಯಲಿಲ್ಲ. ಡುಕೇನಿನ ಕಾರ್ಖಾನೆ 1984ರಲ್ಲಿ, ಹೋಮ್‌ಸ್ಟೆಡ್ಡಿನದು 1986ರಲ್ಲಿ, ಮೆಕೀಸ್‌ಪೋರ್ಟಿನ ಕೊಳವೆ ಕಾರ್ಖಾನೆ 1987ರಲ್ಲಿ ಮುಚ್ಚಿದವು. ಕೋಕ್ ಕುಲುಮೆಗಳಿದ್ದ ಕ್ಲೇರ್ಟನ್ ನಗರ 1985ರಲ್ಲಿ ಹಣವಿಲ್ಲದೆ ತನ್ನ ಪೊಲೀಸರನ್ನೂ ಅಗ್ನಿಶಾಮಕ ದಳವನ್ನೂ ಮನೆಗೆ ಕಳುಹಿಸಿತು. ಡುಕೇನಿನ ಪ್ರೌಢಶಾಲೆ 2007ರಲ್ಲಿ ಮುಚ್ಚಿ ಮಕ್ಕಳು ನೆರೆಯೂರುಗಳಿಗೆ ಹೋಗಬೇಕಾಯಿತು. ಪಿಟ್ಸ್‌ಬರ್ಗ್ ನಗರ ವಿಶ್ವವಿದ್ಯಾನಿಲಯಗಳನ್ನೂ ಆಸ್ಪತ್ರೆಗಳನ್ನೂ ಆಧಾರ ಮಾಡಿಕೊಂಡು ಚೇತರಿಸಿಕೊಂಡಿತೆಂದು ಹೊಗಳುವವರು, ಆ ಚೇತರಿಕೆಯ ತೆರಿಗೆ ಗಡಿ ದಾಟಿ ಮನಾಂಗಹೀಲದ ಮೇಲುಭಾಗಕ್ಕೆ ಹರಿಯುವುದಿಲ್ಲವೆಂಬುದನ್ನು ಹೇಳುವುದು ಕಡಮೆ. 1920ರ ಜನಗಣತಿಯಲ್ಲಿ ಬ್ರ್ಯಾಡಕ್ ಊರಿನ ಜನಸಂಖ್ಯೆ 20,879; 2020ರಲ್ಲಿ 1,721. ಹೋಮ್‌ಸ್ಟೆಡ್ಡಿನದು 20,452ರಿಂದ 2,884ಕ್ಕೆ ಇಳಿಯಿತು. ಗುಡ್ಡದ ಮೇಲಿನ ಮನ್‌ಹಾಲಿನಲ್ಲಿ ಮಾತ್ರ 2020ರಲ್ಲಿಯೂ 10,000ಕ್ಕೆ ಮೇಲ್ಪಟ್ಟ ಜನರಿದ್ದರು.

ಎಡ್ಗರ್ ಥಾಮ್ಸನ್ ಕಾರ್ಖಾನೆ ಸುಮಾರು 150 ವರ್ಷಗಳ ಬಳಿಕ 2025ರ ಜೂನಿನಲ್ಲಿ ಜಪಾನಿನ ನಿಪ್ಪಾನ್ ಸ್ಟೀಲ್ ಕಂಪನಿಯ ಒಡೆತನಕ್ಕೆ ಸೇರಿತು. ಹೋಮ್‌ಸ್ಟೆಡ್ ಕಾರ್ಖಾನೆಯ ನೆಲದಲ್ಲಿ 1999ರಲ್ಲಿ ಅಂಗಡಿಗಳ ಸಾಲೊಂದು ತೆರೆಯಿತು. ಅದೂ ಮೂರು ಪುರಸಭೆಗಳಲ್ಲಿ ಹಂಚಿಹೋಗಿದೆ. ಹಳೆಯ ಕಾರ್ಖಾನೆಯ ಹನ್ನೆರಡು ಇಟ್ಟಿಗೆಯ ಹೊಗೆಗೊಳವೆಗಳೂ ನದಿಯ ದಡದ ಪಂಪುಮನೆಯೂ ಉಳಿದುಕೊಂಡಿವೆ. 1892ರ ಜುಲೈ 6ರಂದು ಪಿಂಕರ್ಟನ್ನರ ದೋಣಿಗಳು ಬಂದು ತಗುಲಿದುದು ಆ ಪಂಪುಮನೆಯ ಬಳಿಯಲ್ಲಿ. ‘ಹೋಮ್‌ಸ್ಟೆಡ್ ಕದನ’ ಎಂದು ನಾವು ಇದುವರೆಗೆ ಬೋಧಿಸುತ್ತ ಬಂದಿರುವ ಆ ಘಟನೆಯ ಸ್ಥಳ ಇಂದು ಮನ್‌ಹಾಲಿನ ಎಲ್ಲೆಯೊಳಗಿದೆ.