ಒಂದು ಮನೆಗೆ ಎಷ್ಟು ಕಾಗದ? ನಮ್ಮ ಕಡೆಯ ಬಡವರ ಮನೆಯ ಐವತ್ತು ವರ್ಷ

ಕೆಮ್ಮಣ್ಣು, ಹೂಡೆ, ತೋನ್ಸೆ ಕಡೆ ಮನೆಗೆ ಅರ್ಜಿ ಹಾಕಿದ ಯಾರನ್ನು ಮಾತಾಡಿಸಿದರೂ ಒಳಗಿನಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ಬರುತ್ತದೆ. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸ್, ತೀರ್ವೆ ಕಟ್ಟಿದ ಹಳೆಯ ರಶೀದಿ, ಮಡಚಿ ಮಡಚಿ ಹರಿದ ಹಕ್ಕುಪತ್ರ, ಆರ್‌ಟಿಸಿ, ಯಾವುದೋ ವರ್ಷ ಕೊಟ್ಟ ಅರ್ಜಿಯ ಪ್ರತಿ ಇರುತ್ತವೆ. "ಎಲ್ಲ ಕೊಟ್ಟಾಗಿದೆ, ಮನೆ ಮಾತ್ರ ಆಗಲಿಲ್ಲ" ಎಂಬ ಮಾತು ಅದರ ಜೊತೆಗೇ ಬರುತ್ತದೆ.

ಪಂಚಾಯತಿನಲ್ಲಿ ಅರ್ಜಿ ಹಿಡಿದು ನಿಂತವರಿಗೆ ಮೊದಲು ಬರುವ ಪ್ರಶ್ನೆ ಒಂದೇ: "ಜಾಗ ಯಾರ ಹೆಸರಿನಲ್ಲಿದೆ?" ಈ ಪ್ರಶ್ನೆ ಪಂಚಾಯತಿಗಿಂತ ಹಳೆಯದು. ಅದು ಎಲ್ಲಿಂದ ಬಂತು, ತೊಟ್ಟೆಯಲ್ಲಿರುವ ಒಂದೊಂದು ಕಾಗದ ಯಾವ ಕಾಲದ್ದು ಎಂದು ಗೊತ್ತಿದ್ದರೆ ಇವತ್ತಿನ ಅರ್ಜಿ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದೂ ಗೊತ್ತಾಗುತ್ತದೆ. ಅದಕ್ಕಾಗಿ ಈ ಬರಹ.

ಬೇರೆಯವರ ಜಾಗದ ಬಿಡಾರ

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಜಾಗದ ಲೆಕ್ಕವೂ ಆ ಕಾಲದ್ದೇ. ಧಣಿಗಳದ್ದು ವರ್ಗ ಜಾಗ. ಅದರ ಸುತ್ತಲಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸವಲತ್ತಿಗೆ ಕುಮ್ಕಿ ಎಂದು ಹೆಸರು. ಗೇಣಿಗೆ ಮಾಡುವವರಲ್ಲಿ ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವರನ್ನು ಧಣಿ ಏಳಿಸಿದರೆ ಏಳಬೇಕಿತ್ತು. ಇವರೆಲ್ಲರಿಗಿಂತ ಕೆಳಗೆ, ಗೇಣಿಯೂ ಇಲ್ಲದೆ ಧಣಿಯ ತೋಟದ ಮೂಲೆಯಲ್ಲಿ ಬಿಡಾರ ಹಾಕಿಕೊಂಡು ಕೂಲಿ ಮಾಡುವವರು ಇದ್ದರು.

ಅಂಥ ಬಿಡಾರಕ್ಕೆ ಮಣ್ಣಿನ ಗೋಡೆ, ಮೇಲೆ ಮುಳಿಹುಲ್ಲು ಇಲ್ಲವೇ ತೆಂಗಿನ ಮಡಲು. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದಿಸಬೇಕು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲೇ ಹಂಚು ಮಾಡಲು ಶುರುಮಾಡಿದ್ದರು. ಆದರೆ ಊರಿನ ಬಡವರ ಮಾಡಿಗೆ ಹಂಚು ಏರಲು ಬಹಳ ಕಾಲ ಬೇಕಾಯಿತು. ದುಡ್ಡಿಲ್ಲ ಎಂಬುದು ಒಂದು ಕಾರಣ. ನಾಳೆ ಏಳು ಎಂದರೆ ಏಳಬೇಕಾದ ಜಾಗದಲ್ಲಿ ಗಟ್ಟಿ ಮನೆ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದು ಇನ್ನೊಂದು.

ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಸರಕಾರಿ ಜಾಗವೂ ನಮ್ಮ ಅವಿಭಜಿತ ಜಿಲ್ಲೆಯಲ್ಲಿತ್ತು. 'ಡಿಸಿ ಮನ್ನಾ' ಎಂದು ಇವತ್ತಿಗೂ ಕರೆಯುವುದು ಅದನ್ನೇ. ಇಲ್ಲಿ ಡಿಸಿ ಎಂದರೆ ಜಿಲ್ಲಾಧಿಕಾರಿ ಎಂದು ತಿಳಿಯುವವರಿದ್ದಾರೆ. ಅದು ಡಿಪ್ರೆಸ್ಡ್ ಕ್ಲಾಸ್, ಅಂದರೆ ಆಗಿನ ಸರಕಾರ ದಲಿತರಿಗೆ ಇಟ್ಟಿದ್ದ ಹೆಸರು. ಆ ಜಾಗದಲ್ಲಿ ಬಹಳಷ್ಟು ಬೇರೆಯವರ ಕೈಯಲ್ಲಿದೆ, ಅಳತೆ ಮಾಡಿ ನಮಗೆ ಹಂಚಿ ಎಂದು ದಲಿತ ಸಂಘಟನೆಗಳು ಈಗಲೂ ಕೇಳುತ್ತಿವೆ.

ಫಾರ್ಮ್ ನಂಬರ್ 7

ದೇವರಾಜ ಅರಸು ಸರಕಾರ ಮಾಡಿದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಾಗವೆಲ್ಲ ಸರಕಾರಕ್ಕೆ ಸೇರಿತು. ಗೇಣಿ ಮಾಡುತ್ತಿದ್ದವರು ಫಾರ್ಮ್ ನಂಬರ್ 7 ತುಂಬಿಸಿ ತಾಲೂಕಿನ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಮಂಡಳಿ ಒಪ್ಪಿದರೆ ಜಾಗ ಅವರದ್ದು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ಈ ಕಾನೂನು ರಾಜ್ಯದಲ್ಲಿ ಹೆಚ್ಚು ಫಲ ಕೊಟ್ಟ ಜಿಲ್ಲೆಗಳಲ್ಲಿ ನಮ್ಮದು ಒಂದು. "ಡಿಕ್ಲರೇಶನ್ ಕೊಟ್ಟ ಜಾಗ" ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ.

ಆದರೆ ಫಾರ್ಮ್ 7 ಇದ್ದದ್ದು ಗೇಣಿಯವರಿಗೆ. ತೋಟದ ಮೂಲೆಯ ಬಿಡಾರದವರಿಗೆ ಅದೇ ಕಾನೂನಿನ 38ನೇ ಕಲಂ ಇತ್ತು. ಕೃಷಿ ಕೂಲಿಯವರು ಬೇರೆಯವರ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆ, ಅದರ ತಳದ ಜಾಗ ಮತ್ತು ಹೊಂದಿಕೊಂಡ ಅಂಗಳ ಅವರದ್ದಾಗಬೇಕು ಎಂದು ಅದು ಹೇಳುತ್ತಿತ್ತು. ಅದಕ್ಕೂ ಅರ್ಜಿ ಬೇಕಿತ್ತು. ಓದು ಬಾರದವರು, ದಿನವೂ ಅದೇ ಧಣಿಯ ಕೆಲಸಕ್ಕೆ ಹೋಗಬೇಕಾದವರು ಅವರ ಜಾಗದ ಮೇಲೆಯೇ ಅರ್ಜಿ ಹಾಕುವುದು ಸುಲಭದ ಮಾತಾಗಿರಲಿಲ್ಲ. ಹಾಕಿದವರ ಮೊಮ್ಮಕ್ಕಳ ತೊಟ್ಟೆಯಲ್ಲಿ ಇವತ್ತು ಆರ್‌ಟಿಸಿ ಇದೆ. ಹಾಕದವರ ಮೊಮ್ಮಕ್ಕಳು ಜಾಗದ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದಾರೆ.

ಐದು ಸೆಂಟ್ಸ್

ಜಾಗವೇ ಇಲ್ಲದವರಿಗೆ ಮನೆಕಟ್ಟು ಜಾಗ ಕೊಡುವ ಯೋಜನೆಯನ್ನು ಕೇಂದ್ರ 1971ರ ಅಕ್ಟೋಬರ್‌ನಲ್ಲಿ ತಂದು, 1974ರಲ್ಲಿ ರಾಜ್ಯಗಳಿಗೆ ಬಿಟ್ಟುಕೊಟ್ಟಿತು. 1975ರ ಇಪ್ಪತ್ತು ಅಂಶದ ಕಾರ್ಯಕ್ರಮದಲ್ಲೂ ಇದು ಸೇರಿತ್ತು. ನೆರೆಯ ಕೇರಳದಲ್ಲಿ ವಸತಿ ಸಚಿವ ಎಂ. ಎನ್. ಗೋವಿಂದನ್ ನಾಯರ್ 1972ರಲ್ಲಿ ಲಕ್ಷ ಮನೆ ಯೋಜನೆ ಶುರುಮಾಡಿದರು. ಆ ದಶಕದಲ್ಲಿ ನಮ್ಮಲ್ಲಿ ಬಂದದ್ದು ಜನತಾ ಮನೆ. ಊರೂರಿನಲ್ಲಿ 'ಜನತಾ ಕಾಲನಿ', 'ಐದು ಸೆಂಟ್ಸ್' ಎಂಬ ಹೆಸರು ಉಳಿದದ್ದು ಹೀಗೆ. ಬಸ್ ಕಂಡಕ್ಟರ್ "ಐದು ಸೆಂಟ್ಸ್ ಇಳೀರಿ" ಎಂದಾಗ ಯಾರಿಗೂ ನಗು ಬರುವುದಿಲ್ಲ. ಅದು ಸ್ಟಾಪಿನ ಹೆಸರೇ ಆಗಿಬಿಟ್ಟಿದೆ.

ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಐದಕ್ಕೆ 2,178 ಚದರ ಅಡಿ. ಒಂದು ಮನೆ, ಒಂದು ಬಾವಿ, ನಾಲ್ಕು ತೆಂಗಿನ ಸಸಿಗೆ ಆ ಕಾಲದಲ್ಲಿ ಸಾಕು ಎನಿಸಿರಬಹುದು. ಆದರೆ ಕುಟುಂಬ ಬೆಳೆಯುತ್ತದೆ, ಸೆಂಟ್ಸ್ ಬೆಳೆಯುವುದಿಲ್ಲ. ಅಜ್ಜನಿಗೆ ಸಿಕ್ಕಿದ ಐದು ಸೆಂಟ್ಸಿನಲ್ಲಿ ಇವತ್ತು ಮೂರು ಸಂಸಾರ ಇದ್ದರೆ, ಮೊಮ್ಮಕ್ಕಳ ಅರ್ಜಿಗೆ "ಮನೆ ಆಗಲೇ ಇದೆಯಲ್ಲ" ಎಂಬ ಉತ್ತರ ಬರುತ್ತದೆ. ಹಕ್ಕುಪತ್ರ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ, ಅಜ್ಜನ ಮರಣ ಪತ್ರ, ವಂಶವೃಕ್ಷ ಎಂದು ಇನ್ನೊಂದು ಸುತ್ತು ಶುರುವಾಗುತ್ತದೆ.

ಇಂದಿರಾ ಆವಾಸ್‌ನಿಂದ ನಿಗಮದವರೆಗೆ

1985-86ರಲ್ಲಿ ಇಂದಿರಾ ಆವಾಸ್ ಯೋಜನೆ ಬಂತು. ಮೊದಲು ಪರಿಶಿಷ್ಟ ಜಾತಿ, ಪಂಗಡ ಮತ್ತು ಜೀತಮುಕ್ತರಿಗೆ ಮಾತ್ರ. 1993-94ರಿಂದ ಉಳಿದ ಬಡವರಿಗೂ ಬಾಗಿಲು ತೆರೆಯಿತು. ರಾಜ್ಯದಲ್ಲಿ ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ, 1991-92ರಲ್ಲಿ, ಆಶ್ರಯ ಯೋಜನೆ ಶುರುವಾಯಿತು. "ಆಶ್ರಯ ಮನೆ" ಎಂಬ ಮಾತು ನಮ್ಮ ಕಡೆ ಎಷ್ಟು ಬೇರೂರಿದೆ ಎಂದರೆ, ಈಗ ಯಾವ ಯೋಜನೆಯ ಮನೆ ಸಿಕ್ಕಿದರೂ ಅದೇ ಹೆಸರಿನಿಂದ ಕರೆಯುವವರಿದ್ದಾರೆ.

1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಫಲಾನುಭವಿಗಳನ್ನು ಆರಿಸುವ ಕೆಲಸ ಗ್ರಾಮಸಭೆಗೆ ಬಂತು. 1995ರಲ್ಲಿ ಸುಪ್ರೀಂ ಕೋರ್ಟ್ ಚಮೇಲಿ ಸಿಂಗ್ ಪ್ರಕರಣದಲ್ಲಿ, ಸೂರು ಎಂದರೆ ತಲೆಯ ಮೇಲೊಂದು ಮಾಡು ಮಾತ್ರ ಅಲ್ಲ, ಗಾಳಿ, ಬೆಳಕು, ನೀರು, ಶೌಚ ಎಲ್ಲ ಸೇರಿದ ಬದುಕುವ ಹಕ್ಕು ಎಂದು ಹೇಳಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. 2000ದ ಏಪ್ರಿಲ್‌ನಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಬಸವ ವಸತಿ, ಅಂಬೇಡ್ಕರ್ ನಿವಾಸ, ವಿಧವೆಯರು ಅಂಗವಿಕಲರು ಮುಂತಾದವರಿಗೆ ದೇವರಾಜ ಅರಸು ವಸತಿ, ಮೀನುಗಾರರಿಗೆ ಮತ್ಸ್ಯಾಶ್ರಯ ಎಲ್ಲದರ ದುಡ್ಡೂ ಈಗ ಈ ನಿಗಮದ ಮೂಲಕವೇ ಬರುತ್ತದೆ. ಹೆಸರು ಬೇರೆ ಬೇರೆ ಇದ್ದರೂ ಅರ್ಜಿ ಕೊಡುವ ಬಾಗಿಲು ಹೆಚ್ಚಾಗಿ ಒಂದೇ, ನಿಮ್ಮ ಗ್ರಾಮ ಪಂಚಾಯತ್.

ಸಹಾಯಧನದ ಕಥೆಯನ್ನೂ ನೋಡಿ. ಇಂದಿರಾ ಆವಾಸ್‌ನಲ್ಲಿ ಬಯಲು ಪ್ರದೇಶದ ಒಂದು ಮನೆಗೆ 2004ರಲ್ಲಿ 25,000 ರೂಪಾಯಿ, 2008ರಲ್ಲಿ 35,000, 2010ರಲ್ಲಿ 45,000, 2013ರಲ್ಲಿ 70,000. 2016ರಲ್ಲಿ ಅದು ಪ್ರಧಾನ ಮಂತ್ರಿ ಆವಾಸ್ ಆದಾಗ 1.20 ಲಕ್ಷ. ಜೊತೆಗೆ ಶೌಚಾಲಯಕ್ಕೆ 12,000, ಉದ್ಯೋಗ ಖಾತರಿಯಿಂದ 90 ದಿನದ ಕೂಲಿ ಸೇರಿಸಿದರು. ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. 2024ರಲ್ಲಿ ಯೋಜನೆಯನ್ನು ಇನ್ನೈದು ವರ್ಷ ಮುಂದುವರಿಸಿದಾಗಲೂ 1.20 ಲಕ್ಷ ಹಾಗೆಯೇ ಉಳಿಯಿತು. ಕೆಂಪುಕಲ್ಲು, ಸಿಮೆಂಟು, ಮೇಸ್ತ್ರಿಯ ಸಂಬಳ ಹಾಗೆಯೇ ಉಳಿಯಲಿಲ್ಲ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೊರಗರಂಥ ಸಮುದಾಯಗಳಿಗೆ 2023ರ ನವೆಂಬರ್‌ನಲ್ಲಿ ಬಂದ ಪಿಎಂ ಜನ್‌ಮನ್‌ನಲ್ಲಿ ಮಾತ್ರ ಮನೆಗೆ 2 ಲಕ್ಷ ಇಟ್ಟಿದ್ದಾರೆ.

ಹೆಂಗಸಿನ ಹೆಸರು

ಈ ಐವತ್ತು ವರ್ಷದಲ್ಲಿ ಆದ ಒಂದು ಒಳ್ಳೆಯ ಕೆಲಸವನ್ನು ಹೇಳಲೇಬೇಕು. ಇಂದಿರಾ ಆವಾಸ್ ಮನೆ ಹೆಂಡತಿಯ ಹೆಸರಿನಲ್ಲಿ ಇಲ್ಲವೇ ಗಂಡ ಹೆಂಡಿರ ಜಂಟಿ ಹೆಸರಿನಲ್ಲಿ ಇರಬೇಕಿತ್ತು. ನಿಗಮದ ಯೋಜನೆಗಳಲ್ಲೂ ಕೆಲವು ವಿನಾಯಿತಿ ಬಿಟ್ಟರೆ ಫಲಾನುಭವಿ ಮಹಿಳೆಯೇ. ಅಳಿಯಕಟ್ಟಿನ ಊರು ನಮ್ಮದು. ಇಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಬರುತ್ತಿತ್ತು, ಆದರೆ ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲಿತ್ತು. ಕುಟುಂಬದ ಆಸ್ತಿಯೇ ಇಲ್ಲದ ಮನೆಯ ಹೆಂಗಸಿಗೆ ತನ್ನದೇ ಹೆಸರಿನ ಕಾಗದ ಸಿಕ್ಕಿದ್ದು ಈ ಯೋಜನೆಗಳಿಂದ. ಕುಡಿದು ಬಂದ ಗಂಡ "ಮನೆ ಬಿಟ್ಟು ಹೋಗು" ಎಂದರೆ ಅವಳು ತೋರಿಸಬಹುದಾದ ಕಾಗದ ಅದು.

ಹೊಳೆಬದಿಯ ತೊಡಕು

ಕೆಮ್ಮಣ್ಣಿನಲ್ಲಿ ಬೇರೆಡೆ ಇಲ್ಲದ ತೊಂದರೆ ಒಂದಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವರ್ಣಾ ಹೊಳೆ, ನಡುವೆ ಕುದ್ರುಗಳು. 1991ರ ಫೆಬ್ರವರಿಯಲ್ಲಿ ಸಿಆರ್‌ಝಡ್ ನಿಯಮ ಬಂತು. ಹಳ್ಳಿಗಾಡಿನ ಕಡಲತೀರದಲ್ಲಿ ಭರತದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ತಡೆ. ಉಪ್ಪುನೀರು ಏರುವ ಹೊಳೆಬದಿಗೂ ನಿಯಮ ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ಅಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಎಂದಿತ್ತು. 2019ರಲ್ಲಿ ಅದನ್ನು 50 ಮೀಟರ್‌ಗೆ ಇಳಿಸಿದರು. ನಿಯಮ ತಂದದ್ದು ಕಡಲನ್ನು ಉಳಿಸಲು, ಅದರಲ್ಲಿ ತಪ್ಪಿಲ್ಲ. ಆದರೆ ತಲೆತಲಾಂತರದಿಂದ ದಡದಲ್ಲೇ ಇದ್ದವರಿಗೆ ಜಾಗದ ಕಾಗದ ಸರಿಯಿದ್ದರೂ ಸಾಲದಾಯಿತು, ಗೆರೆಯ ಯಾವ ಬದಿಯಲ್ಲಿದ್ದೇವೆ ಎಂಬುದನ್ನೂ ತೋರಿಸಬೇಕಾಯಿತು. ತಿಮ್ಮಣ್ಣಕುದ್ರುವಿನ ತೂಗುಸೇತುವೆಯ ಮೇಲೆ ಲಾರಿ ಹೋಗುವುದಿಲ್ಲ. ರಸ್ತೆ ಇಲ್ಲದ ಕಡೆ ಕಲ್ಲು, ಸಿಮೆಂಟು ಸಾಗಿಸುವ ಖರ್ಚು ಬೇರೆ. ಸಹಾಯಧನ ಮಾತ್ರ ರಸ್ತೆಬದಿಯ ಮನೆಗೂ ಅಷ್ಟೇ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಪ್ರಧಾನ ಮಂತ್ರಿ ಆವಾಸ್‌ನ ಹಳೆಯ ನಿಯಮದಲ್ಲಿ ಬೈಕ್, ಫ್ರಿಜ್ ಅಥವಾ ಮೋಟಾರು ಮೀನುದೋಣಿ ಇದ್ದ ಮನೆಯವರು ಪಟ್ಟಿಯಿಂದ ಹೊರಗೆ. ದುಡಿಯುವ ದೋಣಿಯೇ ಶ್ರೀಮಂತಿಕೆಯ ಗುರುತಾಗಿತ್ತು! 2024ರಲ್ಲಿ ಈ ಷರತ್ತುಗಳನ್ನು ತೆಗೆದರು, ತಿಂಗಳ ಆದಾಯದ ಮಿತಿಯನ್ನೂ 10,000ದಿಂದ 15,000ಕ್ಕೆ ಏರಿಸಿದರು. ಆ ಕಾರಣಕ್ಕೆ ಹಿಂದೆ ಅರ್ಜಿ ತಿರಸ್ಕೃತವಾಗಿದ್ದವರು ಮತ್ತೆ ಕೇಳಬೇಕು.

ಇತಿಹಾಸದಿಂದ ಇವತ್ತಿಗೆ

ಫಾರ್ಮ್ 7, ಹಕ್ಕುಪತ್ರ, ಈಗಿನ 9/11. ಕಾಗದದ ಹೆಸರು ಬದಲಾಯಿತು, ಕೇಳುವ ಪ್ರಶ್ನೆ ಬದಲಾಗಲಿಲ್ಲ. ಅದಕ್ಕೇ ಮನೆಯ ಅರ್ಜಿಗಿಂತ ಮೊದಲು ಜಾಗದ ಕಾಗದ ನೋಡಿಕೊಳ್ಳಿ. ಸರಕಾರಿ ಜಾಗದಲ್ಲಿ ಮನೆ ಕಟ್ಟಿ ಕೂತವರಿಗೆ ಭೂಕಂದಾಯ ಕಾಯ್ದೆಯ 94ಸಿ ಇದೆ, ಅದರ ಅರ್ಜಿ ಹೋಗುವುದು ಕಂದಾಯ ಇಲಾಖೆಗೆ. ಅಜ್ಜನ ಹೆಸರಿನಲ್ಲಿದ್ದರೆ ಖಾತೆ ಬದಲಾವಣೆ ಮೊದಲು ಆಗಬೇಕು. ಜಾಗವೇ ಇಲ್ಲದವರು "ಮನೆ ಬೇಕು" ಎಂದು ಬರೆದು ಸುಮ್ಮನಾಗದೆ, ನಿವೇಶನರಹಿತರ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ಕೇಳಬೇಕು. ಆ ಎರಡು ಪಟ್ಟಿ ಬೇರೆ ಬೇರೆ.

ಗ್ರಾಮಸಭೆಗೆ ಹೋಗಿ. ಪಟ್ಟಿ ಓದುವಾಗ ಹೆಸರು ಬರದಿದ್ದರೆ ಅಲ್ಲೇ ಎದ್ದು ಕೇಳಿ, ನಡವಳಿಯಲ್ಲಿ ಬರೆಸಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ತೆಗೆದುಕೊಳ್ಳಿ. ಮನೆ ಮಂಜೂರಾದರೆ ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ, ಗೋಡೆ, ಮಾಡು, ಪೂರ್ತಿ ಎಂದು ಹಂತ ಹಂತವಾಗಿ ಜಿಪಿಎಸ್ ಫೋಟೋ ಆದ ಮೇಲೆಯೇ ಖಾತೆಗೆ ಬೀಳುತ್ತದೆ. ಅಂದರೆ ತಳಪಾಯದ ದುಡ್ಡು ಮೊದಲು ನಿಮ್ಮ ಕೈಯಿಂದಲೇ ಹೋಗಬೇಕು. ಕೈಯಲ್ಲಿ ಏನೂ ಇಲ್ಲದವರೇ ಈ ಯೋಜನೆಗೆ ಬರುವುದು ಎಂಬುದನ್ನು ನಿಯಮ ಬರೆದವರು ಇನ್ನೂ ಯೋಚಿಸಬೇಕಾಗಿದೆ.

1979ರ ಜೂನ್ 30ರೊಳಗೆ ಅರ್ಜಿ ಕೊಟ್ಟವರ ಮತ್ತು ಕೊಡದವರ ಮಕ್ಕಳು ಇವತ್ತು ಒಂದೇ ಊರಿನಲ್ಲಿ ಬೇರೆ ಬೇರೆ ಬದುಕು ಬದುಕುತ್ತಿದ್ದಾರೆ. ನಿಮ್ಮ ಮನೆಯ ತೊಟ್ಟೆಯನ್ನು ಇವತ್ತೇ ಒಮ್ಮೆ ಬಿಚ್ಚಿ ನೋಡಿ. ಕಾಗದ ಯಾರ ಹೆಸರಿನಲ್ಲಿದೆ, ಏನು ಕಡಿಮೆ ಇದೆ ಎಂದು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಆ ಜಾಗದ ಕಥೆ ಅವರಿಗೆ ಮಾತ್ರ ಗೊತ್ತಿರುತ್ತದೆ.