ಹೆಗ್ಗೋಡಿನಿಂದ ನಮ್ಮ ಶಾಲೆಗೆ ಬಂದ ಸಾಹಿತ್ಯದ ಹಬ್ಬ

ನಾನು ಈ ಶಾಲೆಯಲ್ಲಿ 2002ರಿಂದ 2005ರವರೆಗೆ, ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದೆ. ಆಮೇಲೆ ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸುವರ್ಣ ಮಹೋತ್ಸವದ ಸಂಪುಟಕ್ಕೆ ಏನಾದರೂ ಬರೆಯಬೇಕೆಂದು ಸಮಿತಿಯವರು ಕೇಳಿದಾಗ ಶಾಲೆಯ ಹಳೆಯ ರಿಜಿಸ್ಟರುಗಳನ್ನು ನೋಡಿದೆ. ಕೊಠಡಿ ಕಟ್ಟಿದ್ದು, ದಾನಿಗಳ ಹೆಸರು, ಎಸ್ಸೆಸ್ಸೆಲ್ಸಿ ಫಲಿತಾಂಶ ಎಲ್ಲವೂ ಇವೆ. ಆದರೆ ನಾಲ್ಕು ವರ್ಷ ನಡೆದು ನಿಂತುಹೋದ ನಮ್ಮ ‘ಓದಿನ ಸಂಜೆ’ಯ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನು ಬರೆದಿಡುವುದು ನನ್ನ ಪಾಲಿನ ಕೆಲಸ ಅನ್ನಿಸಿತು. ಅದರ ಬೇರು ಹೆಗ್ಗೋಡಿನಲ್ಲಿ ಇರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಅಲ್ಲಿನ ಅಡಿಕೆ ಬೆಳೆಗಾರರು ಕೆಲವರು ಸೇರಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ನಾವೆಲ್ಲ ‘ನೀನಾಸಮ್’ ಎಂದು ಕರೆಯುವುದು ಅದನ್ನೇ. ಮೈಸೂರಿನಲ್ಲಿ ಓದಿ ಊರಿಗೆ ಮರಳಿದ ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ತಂಡ, ಹೀಗೆ ಒಂದೊಂದಾಗಿ ಬಂದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇವೆಲ್ಲದರ ಜೊತೆಗೆ ಅಕ್ಟೋಬರ್‌ನಲ್ಲಿ ನಡೆಯುವ ಸಂಸ್ಕೃತಿ ಶಿಬಿರ ನಮ್ಮ ಸೀಮೆಯ ದೊಡ್ಡ ಹಬ್ಬ. ಹೊತ್ತೂ ಸರಿಯಾದದ್ದು: ಮಳೆ ಹಿಂದಾಗಿರುತ್ತದೆ, ಅಡಿಕೆ ಕೊನೆ ಕೊಯ್ಲು ಇನ್ನೂ ಬಿರುಸಾಗಿರುವುದಿಲ್ಲ. ಹಗಲು ಸಾಹಿತ್ಯದ ಮೇಲೆ ಉಪನ್ಯಾಸ, ಕವಿತೆಯ ಓದು, ಮಾತುಕತೆ, ಸಂಜೆ ನಾಟಕ. ನಾಡಿನ ಬೇರೆ ಬೇರೆ ಕಡೆಯಿಂದ ಶಿಬಿರಾರ್ಥಿಗಳು ಬರುತ್ತಾರೆ. ಸಂಜೆಯ ನಾಟಕಕ್ಕೆ ಸುತ್ತಲಿನ ಹಳ್ಳಿಯವರು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಸೇರುತ್ತಾರೆ. ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಚರ್ಚೆ. ನನಗೆ ಮುಖ್ಯವಾಗಿ ಕಾಣುವುದು ಈ ಚರ್ಚೆ. ನೋಡಿ ಚಪ್ಪಾಳೆ ಹೊಡೆದು ಎದ್ದುಹೋಗುವುದಕ್ಕೂ ಮರುದಿನ ಬಂದು ‘ಇದು ಹೀಗೇಕೆ?’ ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಮಕ್ಕಳಿಗೂ ಇದರಲ್ಲಿ ಪಾಲಿತ್ತು. ತಿರುಗಾಟದ ನಾಟಕಗಳಲ್ಲಿ ಮಕ್ಕಳ ನಾಟಕವೂ ಇರುತ್ತಿದ್ದುದುಂಟು. ಶರಾವತಿ ಹಿನ್ನೀರಿನಾಚೆಯ ತುಮರಿಯ ಕಿನ್ನರ ಮೇಳ ಮಕ್ಕಳಿಗೆಂದೇ ನಾಟಕ ಕಟ್ಟಿ ಶಾಲೆಗಳಿಗೆ ಕೊಂಡೊಯ್ಯಿತು. ಕಥೆ, ಕವಿತೆ ಪಠ್ಯಪುಸ್ತಕದ ಹೊರಗೂ ಇವೆ ಎಂದು ನಮ್ಮಂಥವರಿಗೆ ಗೊತ್ತಾದದ್ದು ಇಂಥವರಿಂದ.

2003ರ ದಸರಾ ರಜೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಶಿಬಿರಕ್ಕೆ ಹೋಗಿದ್ದರು. ನನ್ನನ್ನೂ ನನ್ನ ಗೆಳೆಯನನ್ನೂ ಕರೆಸಿಕೊಂಡು ರಾತ್ರಿ ನಾಟಕ ತೋರಿಸಿದರು, ಬೆಳಿಗ್ಗೆ ಚರ್ಚೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸಿದರು. ಸುಬ್ಬಣ್ಣನವರನ್ನು ದೂರದಿಂದ ನೋಡಿದ್ದು ಆಗಲೇ. ನಾಟಕದ ಕೊನೆಯಲ್ಲಿ ತಾಯಿಯ ಪಾತ್ರ ಒಂದೂ ಮಾತಾಡದೆ ನಿಂತಿತ್ತು. ನನಗೆ ಅದು ಸರಿ ಕಂಡಿರಲಿಲ್ಲ. ‘ಆ ತಾಯಿ ಯಾಕೆ ಸುಮ್ಮನಿದ್ದಳು?’ ಎಂದು ರಫ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೇಷ್ಟ್ರು ಓದಿ, “ಎದ್ದು ಕೇಳೋ” ಎಂದರು. ಕಾಲು ನಡುಗಿತು. ಪಕ್ಕದಲ್ಲಿದ್ದ ತೋಟದ ಹೆಗಡೆಯವರೊಬ್ಬರು, “ಕೇಳಾ ಮಾಣಿ, ಯಾರೂ ಹೊಡೀತ್ವಿಲ್ಲೆ” ಎಂದು ನಕ್ಕರು. ನಾನು ಏಳಲಿಲ್ಲ. ಚರ್ಚೆ ಮುಗಿಯಿತು.

ಮೇಷ್ಟ್ರು ಬೈಯಲಿಲ್ಲ. ರಜೆ ಮುಗಿದು ಶಾಲೆ ಶುರುವಾದ ದಿನ ಆ ನಾಟಕದ ಕಥೆ ಹೇಳಿ, ನನ್ನ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದರು. ಯಾರದೆಂದು ಹೇಳಲಿಲ್ಲ. ಇಡೀ ಪಿರಿಯಡ್ ಜಗಳವೇ ಆಯಿತು. ಸದಾ ಸುಮ್ಮನಿರುತ್ತಿದ್ದ ಹುಡುಗಿಯೊಬ್ಬಳು, “ಮನೇಲಿ ಅಮ್ಮ ಮಾತಾಡಿದ್ರೆ ಯಾರು ಕೇಳ್ತಾರೆ ಸಾರ್?” ಎಂದಳು. ತರಗತಿ ತಣ್ಣಗಾಯಿತು. ಆ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಓದಿನ ಸಂಜೆ ಹುಟ್ಟಿದ್ದು ಅಲ್ಲಿ. ಆ ವರ್ಷದ ವಾರ್ಷಿಕೋತ್ಸವದ ಹಿಂದಿನ ದಿನ, ಶಾಲೆಯ ಅಂಗಳದಲ್ಲಿ ಕಂಬಳಿ, ಚಾಪೆ ಹಾಸಿ ಮೊದಲನೆಯದು ನಡೆಯಿತು. ನಿಯಮ ಎರಡೇ: ಒಬ್ಬ ವಿದ್ಯಾರ್ಥಿ ಓದಿದ ಮೇಲೆ ಊರಿನ ಒಬ್ಬ ಹಿರಿಯರು ಓದಬೇಕು ಅಥವಾ ಹೇಳಬೇಕು, ಪ್ರತಿಯೊಬ್ಬರಿಗೂ ಕೇಳುಗರು ಒಂದಾದರೂ ಪ್ರಶ್ನೆ ಕೇಳಬೇಕು. ಹುಡುಗರು ತಾವೇ ಬರೆದ ಕವಿತೆ ಓದಿದರು. ಹಾಲಿನ ಡೈರಿಯವರು ಒಂದು ಕಥೆ ಓದಿದರು. ಹಸೆ ಚಿತ್ತಾರ ಬರೆಯುವ ಅಮ್ಮನೊಬ್ಬರಿಗೆ ಓದು ಬರುತ್ತಿರಲಿಲ್ಲ. ಅವರು ಮದುವೆಯ ಹಾಡು ಹೇಳಿದರು. ಏಳನೆಯ ತರಗತಿಯ ಪುಟ್ಟನೊಬ್ಬ, “ಇಷ್ಟು ಉದ್ದ ಹೇಗೆ ನೆನಪಿರ್ತದೆ?” ಎಂದು ಕೇಳಿದ. ಅವರು, “ಕೈ ಕೆಲಸ ಮಾಡ್ತಾ ಇದ್ರೆ ಬಾಯಿಗೆ ತಾನೇ ಬರ್ತದೆ ಮಗಾ” ಎಂದರು. ಶಾಲೆಯ ಮೆಟ್ಟಿಲನ್ನೇ ಹತ್ತಿರದ ಅಮ್ಮ ಅಂದು ನಮಗೆಲ್ಲ ಪಾಠ ಹೇಳಿದ್ದರು.

ಇದು 2007ರ ಆರಂಭದವರೆಗೆ ನಾಲ್ಕು ಬಾರಿ ನಡೆಯಿತು. ಆ ಬೇಸಿಗೆಯಲ್ಲಿ ಮೇಷ್ಟ್ರಿಗೆ ವರ್ಗವಾಯಿತು. ಮುಂದೆ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಇದರಲ್ಲಿ ಯಾರನ್ನೂ ದೂರುವಂತಿಲ್ಲ, ನನ್ನನ್ನು ಬಿಟ್ಟು. ಮೂರು ವರ್ಷದ ಹಿಂದೆ ನಾವು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಶಾಲೆಗೆ ದೊಡ್ಡ ಸ್ಪೀಕರ್ ಕೊಡಿಸಿದೆವು. ಆ ವರ್ಷದ ವಾರ್ಷಿಕೋತ್ಸವದಲ್ಲಿ ನಾಲ್ಕು ತಾಸು ಸಿನಿಮಾ ಹಾಡಿನ ಕುಣಿತ ನಡೆಯಿತು. ಮಕ್ಕಳು ಕುಣಿಯಲಿ, ಸಂತೋಷವೇ. ಆದರೆ ಅಷ್ಟು ದೊಡ್ಡ ಸ್ಪೀಕರಿನಲ್ಲಿ ನಮ್ಮ ಮಕ್ಕಳ ಸ್ವಂತ ಮಾತು ಒಂದೂ ಕೇಳಲಿಲ್ಲ. ಸ್ಪೀಕರ್ ಕೊಡಿಸುವಾಗ ಮೈಕಿನ ಮುಂದೆ ಯಾರು ನಿಲ್ಲುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಮೀಟಿಂಗುಗಳಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದೆ. ಅದರಿಂದ ಒಮ್ಮೆ ಎರಡು ವಾರದ ಕೆಲಸ ಹಾಳಾಯಿತು. ಆಗ ಹೆಗ್ಗೋಡಿನ ಆ ಹಿಂದಿನ ಸಾಲು ನೆನಪಾಯಿತು. ಅಂದಿನಿಂದ ‘ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನಲು ಕಲಿತೆ. ನಮ್ಮ ಹಳ್ಳಿಯ ಮಕ್ಕಳಿಗೆ ಹೊರಗೆ ಹೋದಾಗ ಬುದ್ಧಿ ಸಾಲದೆ ಕಷ್ಟವಾಗುವುದು ಕಡಿಮೆ, ಎದ್ದು ಕೇಳಲು ಧೈರ್ಯ ಸಾಲದೆ ಆಗುವ ಕಷ್ಟವೇ ಹೆಚ್ಚು. ಆ ಧೈರ್ಯ ಬರುವುದು ತಮ್ಮ ಊರಿನ ದೊಡ್ಡವರ ಎದುರಿಗೇ ಒಮ್ಮೆ ಮಾತಾಡಿದಾಗ.

ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ಹೆಗ್ಗೋಡಿನಲ್ಲಿ ಅವರು ನೆಟ್ಟದ್ದು ಬದುಕಿದೆ. ನಮ್ಮ ಅಂಗಳದಲ್ಲಿ ಮೇಷ್ಟ್ರು ನೆಟ್ಟ ಸಸಿಗೆ ನೀರು ಹಾಕುವವರು ಬೇಕು. ಶಿಕ್ಷಕರಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ಕೋರಿಕೆ: ಸುವರ್ಣ ಮಹೋತ್ಸವದ ಒಂದು ಸಂಜೆಯನ್ನು ಓದಿಗೆ ಬಿಟ್ಟುಕೊಡಿ, ಆಮೇಲೆ ಪ್ರತಿ ವರ್ಷವೂ ಮುಂದುವರಿಸಿ. ಖರ್ಚು ಚಾಪೆ ಮತ್ತು ಚಹಾದ್ದು ಮಾತ್ರ. ಅದನ್ನು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ. ಹಿಂದಿನ ಸಾಲಿನಲ್ಲಿ ನನಗೊಂದು ಜಾಗವಿರಲಿ. ಈ ಸಲ ಎದ್ದು ಕೇಳುತ್ತೇನೆ.