ಹೆಪ್ಪು ಕೇಳಿ ಪಡೆದದ್ದು

ನಮ್ಮ ಬೀದಿಯಲ್ಲಿ ಹೆಪ್ಪಿಗೆ ಯಾರೂ ಲೆಕ್ಕ ಇಟ್ಟವರಲ್ಲ. ದೀಪ ಹಚ್ಚಿದ ಮೇಲೆ ಕೊಡಬಾರದು ಎಂಬ ಶಾಸ್ತ್ರವೊಂದನ್ನು ಬಿಟ್ಟರೆ, ಲೋಟ ಹಿಡಿದು ಬಂದವರಿಗೆ ಒಂದು ಚಮಚ ಹೆಪ್ಪು ಹಾಕಿ ಕಳಿಸುವುದು ರೂಢಿ. ನಮ್ಮ ಮೊಸರೇನೂ ಕಡಿಮೆಯಾಗುವುದಿಲ್ಲ, ಅವರ ಪಾತ್ರೆಯೂ ತುಂಬುತ್ತದೆ.

1996ರಲ್ಲಿ ನಾನೂ ನಮ್ಮವರೂ ಸೇರಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಮಾಡಿಕೊಡುವ ಪುಟ್ಟ ಡಿ.ಟಿ.ಪಿ. ಅಂಗಡಿ ಇಟ್ಟೆವು. ಕಂಪ್ಯೂಟರಿನ ತಂತ್ರಾಂಶವನ್ನೂ ನಾನು ಹೆಪ್ಪೆಂದೇ ತಿಳಿದಿದ್ದೆ. ಯಂತ್ರ ಜೋಡಿಸಿಕೊಟ್ಟ ಹುಡುಗ ಬರೆಯುವುದು, ಚಿತ್ರ ಬಿಡಿಸುವುದು, ಲೆಕ್ಕ ಹಾಕುವುದು ಎಲ್ಲವನ್ನೂ ತುಂಬಿ, "ಇದಕ್ಕೆಲ್ಲ ದುಡ್ಡಿಲ್ಲಮ್ಮ" ಎಂದ. ನಾನೂ ಕೇಳಿದವರಿಗೆಲ್ಲ ಫ್ಲಾಪಿಯಲ್ಲಿ ಹಾಕಿಕೊಟ್ಟು ಧಾರಾಳಿ ಎನಿಸಿಕೊಂಡೆ.

1999ರಲ್ಲಿ ಚೀಟಿ ಎತ್ತಿದ ದುಡ್ಡಿನಲ್ಲಿ ನನ್ನ ರಂಗೋಲಿಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದೆ. ಬೆಲೆ 15 ರೂಪಾಯಿ. ಎರಡು ವರ್ಷ ರಾತ್ರಿ ಊಟವಾದ ಮೇಲೆ ಕೂತು ಚುಕ್ಕಿ ಎಣಿಸಿದ ಕೆಲಸ ಅದು. ಆ ವರ್ಷದ ಜಾತ್ರೆಯಲ್ಲಿ ಬಳೆ ಅಂಗಡಿಯ ಪಕ್ಕ ಅದೇ ಪುಸ್ತಕದ ಜೆರಾಕ್ಸ್ 5 ರೂಪಾಯಿಗೆ ಬಿಕರಿಯಾಗುತ್ತಿತ್ತು. ನನ್ನ ಹೆಸರಿದ್ದ ಪುಟವನ್ನೇ ತೆಗೆದುಬಿಟ್ಟಿದ್ದರು. ಮನೆಗೆ ಬಂದು ಅತ್ತೆ.

ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗ ಆಗ ಮನೆಯಲ್ಲಿದ್ದ. ನನ್ನ ಗೋಳೆಲ್ಲ ಕೇಳಿ ಮೆಲ್ಲಗೆ, "ಅತ್ತೆ, ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದೂ ಜೆರಾಕ್ಸೇ ಅಲ್ಲವೇ?" ಎಂದ. ಮೊದಲು ಸಿಟ್ಟು ಬಂತು. ಆಮೇಲೆ ಅವನು ಹೇಳಿದ ಹಳೆಯ ಕಥೆ ಕೇಳಿದೆ.

1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರ್ ಬಂತು. ಅದಕ್ಕಾಗಿ ಬಿಲ್ ಗೇಟ್ಸ್, ಪಾಲ್ ಆಲನ್ ಎಂಬ ಗೆಳೆಯರು ಬೇಸಿಕ್ ಎಂಬ ಭಾಷೆಯ ತಂತ್ರಾಂಶ ಬರೆದರು. ಆಗ ಅದು ಇದ್ದದ್ದು ತೂತು ಕೊರೆದ ಕಾಗದದ ಸುರುಳಿಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಪ್ರದರ್ಶನದಲ್ಲಿ ಒಂದು ಸುರುಳಿ ಯಾರದೋ ಕೈ ಸೇರಿತು. ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಹವ್ಯಾಸಿಗಳ ಸಂಘದಲ್ಲಿ ಅದರ ಪ್ರತಿಗಳನ್ನು ಹಂಚಿದರು. ಒಂದು ಒಯ್ದವರು ಎರಡು ತಂದುಕೊಡಬೇಕೆಂದು ಕಟ್ಟಳೆ ಬೇರೆ! ನಮ್ಮ ಬೀದಿಯ ಹೆಪ್ಪಿಗಿಂತ ಒಂದು ಕೈ ಮೇಲು.

1976ರ ಫೆಬ್ರವರಿ 3ರಂದು ಗೇಟ್ಸ್ ಹವ್ಯಾಸಿಗಳಿಗೆಲ್ಲ ಒಂದು ಬಹಿರಂಗ ಪತ್ರ ಬರೆದರು. ಆಗ ಅವರಿಗಿನ್ನೂ 20 ವರ್ಷ. ಆಲ್ಟೇರ್ ಇಟ್ಟುಕೊಂಡವರಲ್ಲಿ ಬೇಸಿಕ್ ಕೊಂಡವರು ಶೇಕಡ 10 ಕ್ಕಿಂತ ಕಡಿಮೆ, ಬಂದ ಹಣವನ್ನು ಪಟ್ಟ ಶ್ರಮಕ್ಕೆ ಹಂಚಿದರೆ ಗಂಟೆಗೆ 2 ಡಾಲರೂ ಬೀಳುವುದಿಲ್ಲ ಎಂದು ಲೆಕ್ಕ ಒಪ್ಪಿಸಿ, ನೀವು ಮಾಡುತ್ತಿರುವುದು ಕಳ್ಳತನ ಎಂದು ನೇರವಾಗಿಯೇ ಹೇಳಿದರು. ಫಲವೇನು? ಜನ ರೇಗಿದರು. ಹಣ ಕಳಿಸಿದವರು ಬೆರಳೆಣಿಕೆಯಷ್ಟು.

ಅದೇ ವರ್ಷ ಟಾಮ್ ಪಿಟ್‌ಮನ್ ಎಂಬ ಇನ್ನೊಬ್ಬರು 'ಟೈನಿ ಬೇಸಿಕ್' ಎಂಬ ಚಿಕ್ಕ ತಂತ್ರಾಂಶ ಬರೆದು ಬರೀ 5 ಡಾಲರಿಗೆ ಇಟ್ಟರು. ಇವರಿಗೆ ಜನ ಸಂತೋಷದಿಂದಲೇ ದುಡ್ಡು ಕಳಿಸಿದರು. ಬೈಗುಳದಿಂದ ಆಗದ ಕೆಲಸ ಕೈಗೆಟುಕುವ ಬೆಲೆಯಿಂದ ಆಯಿತು.

ಮೂರನೆಯ ದಾರಿಯೊಂದನ್ನು ತೆರೆದವರು ರಿಚರ್ಡ್ ಸ್ಟಾಲ್‌ಮನ್. ಎಲ್ಲರೂ ಹಂಚಿಕೊಳ್ಳಬಹುದಾದ ತಂತ್ರಾಂಶಗಳನ್ನೇ ಕಟ್ಟುತ್ತೇವೆಂದು 1983ರಲ್ಲಿ ಸಾರಿದರು. 1989ರಲ್ಲಿ ಅದಕ್ಕೊಂದು ಪರವಾನಗಿಯನ್ನೂ ಬರೆದರು: ನಕಲು ಮಾಡಿ, ತಿದ್ದಿ, ಕೊಡಿ, ಪಡೆದವರಿಗೂ ಅದೇ ಹಕ್ಕು ಇರಲಿ. ಅಂದರೆ ಇದು ಮನೆಯೊಡತಿ ತಾನೇ ಕರೆದು ಕೊಟ್ಟ ಹೆಪ್ಪು. ನಾನು ಹಂಚುತ್ತಿದ್ದದ್ದು ಯಾರದೋ ಅಡುಗೆಮನೆಯಿಂದ ಹೇಳದೆ ತಂದದ್ದು.

ನಮ್ಮ ದೇಶದಲ್ಲೂ ಕಾನೂನು ಆಗಲೇ ಬಂದಿತ್ತು. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಕಂಪ್ಯೂಟರ್ ತಂತ್ರಾಂಶವನ್ನೂ ಸೇರಿಸಿದ್ದರು, ಕಥೆ ಕಾದಂಬರಿಗಳ ಸಾಲಿಗೇ! 1994ರ ತಿದ್ದುಪಡಿಯಂತೆ, ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸದವರಿಗೆ ನ್ಯಾಯಾಲಯ ಸೆರೆವಾಸ ಬಿಟ್ಟು ದಂಡ ಮಾತ್ರ ಹಾಕಬಹುದು. ಆದರೆ ನಮ್ಮದು ಅಂಗಡಿ.

ಒಂದೇ ದಿನಕ್ಕೆ ನಾವು ಬದಲಾದೆವು ಎಂದರೆ ಸುಳ್ಳಾದೀತು. ಎಲ್ಲವನ್ನೂ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮೊದಲು, ದಿನಾ ಅನ್ನ ಕೊಡುವ ಕನ್ನಡ ಅಕ್ಷರಗಳ ತಂತ್ರಾಂಶವನ್ನು ಕಂತಿನಲ್ಲಿ ಕೊಂಡೆವು. ಮರುವರ್ಷ ಚಿತ್ರ ಬಿಡಿಸುವುದರ ಹಳೆಯ ಆವೃತ್ತಿಯನ್ನು ಅಗ್ಗಕ್ಕೆ ತಂದೆವು. 2002ರಲ್ಲಿ ಓಪನ್ ಆಫೀಸ್‌ನ ಮೊದಲ ಪೂರ್ಣ ಆವೃತ್ತಿ ಬಂತು. ಕಾಗದಪತ್ರ, ಲೆಕ್ಕಗಳಿಗೆ ಅದನ್ನೇ ಹಿಡಿದೆವು. ಕನ್ನಡದಲ್ಲಿ ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲೇ ಉಚಿತವಾಗಿ ಬಂದಿತ್ತು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಕಾಸಿಲ್ಲದೆ ಸಿಕ್ಕಿತು. 2003ರ ಹೊತ್ತಿಗೆ ನಮ್ಮ ಯಂತ್ರ ಶುದ್ಧವಾಯಿತು.

ಎದುರು ಬೀದಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಅಕ್ಕನಿಗೆ ನಾನು ಹೊಸ ಹುಮ್ಮಸ್ಸಿನಲ್ಲಿ ಕಾನೂನು, ದಂಡ ಎಲ್ಲ ಒದರಿದೆ. "ಈ ಗಲ್ಲಿಗೆ ಯಾವ ಪೊಲೀಸರು ಬರ್ತಾರೇ?" ಎಂದು ನಕ್ಕುಬಿಟ್ಟರು. ಗೇಟ್ಸರ ಪತ್ರದ ಗತಿಯೇ ನನ್ನ ಭಾಷಣಕ್ಕೂ ಆಯಿತು.

ಮುಂದಿನ ವಾರ ಬಾಯಿ ಮುಚ್ಚಿಕೊಂಡು ಓಪನ್ ಆಫೀಸಿನ ಒಂದು ಸಿ.ಡಿ. ಒಯ್ದೆ. ಜೊತೆಗೆ ನನ್ನ ರಂಗೋಲಿ ಪುಸ್ತಕ ಮತ್ತು ಜಾತ್ರೆಯ ಆ ಜೆರಾಕ್ಸ್. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅವರು ಹೆಸರಿಲ್ಲದ ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. "ಈ ಸಿ.ಡಿ.ಯನ್ನು ನನ್ನ ಮಕ್ಕಳಿಗೆಲ್ಲ ಕಾಪಿ ಮಾಡಿಕೊಡಬಹುದೇನೇ?" ಎಂದು ಕೇಳಿದರು. ಮಕ್ಕಳೆಂದರೆ ಅವರ ವಿದ್ಯಾರ್ಥಿಗಳು.

"ಧಾರಾಳವಾಗಿ ಕೊಡಿ ಅಕ್ಕ, ಬರೆದವರೇ ಕೊಡಿ ಅಂದಿದ್ದಾರೆ" ಎಂದೆ.

ಬರುವಾಗ ಅವರು ಒಳಗೆ ಹೋಗಿ ನನ್ನ ಪುಸ್ತಕಕ್ಕೆ 15 ರೂಪಾಯಿ ತಂದು ಕೈಗಿತ್ತರು. ಬೇಡವೆಂದರೂ ಬಿಡಲಿಲ್ಲ.